ಲೆಕ್ಕದ ಪುಸ್ತಕ ಓದಲು ಕಲಿಯೋಣ
(ಹೆತ್ತೂರಿನ ಅಭ್ಯಾಸ ಶಿಬಿರದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಈ ಮಳೆಯಲ್ಲಿ ಸಕಲೇಶಪುರದಿಂದಲೂ ಯಸಳೂರಿನ ಕಡೆಯಿಂದಲೂ ನೀವು ಇಷ್ಟು ಮಂದಿ ಬಂದಿದ್ದೀರಿ. ಇಂದಿನ ವಿಷಯ ಕೇಳಲು ಒಣಕಲು: ಲೆಕ್ಕ. ನಾನು ಮೆಟ್ರಿಕ್ ಓದಿ ಮೇಷ್ಟರಾದವನು. ಮಕ್ಕಳಿಗೆ ಕೂಡುವ ಲೆಕ್ಕ, ಕಳೆಯುವ ಲೆಕ್ಕ ಕಲಿಸಿದೆ. ಅವರ ತಂದೆತಾಯಿಯ ಕೂಲಿಯನ್ನು ಕಳೆಯುತ್ತಿರುವವರು ಯಾರೆಂಬುದನ್ನು ಮಾತ್ರ ಕಲಿಸಲಿಲ್ಲ.

ಲೆಕ್ಕದೊಳಗಿನ ಕಳ್ಳತನ ಹಿಡಿಯುವುದನ್ನು ಈಗ ದೊಡ್ಡ ದೊಡ್ಡ ವಿದ್ಯಾಲಯಗಳಲ್ಲಿ ಪ್ರತ್ಯೇಕ ಶಾಸ್ತ್ರವಾಗಿ ಬೋಧಿಸುತ್ತಾರೆ. ಅದು ಹೊರಗಿನಿಂದ ಬಂದ ವಿದ್ಯೆಯೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಬಂತು, 1909ರಲ್ಲಿ ಅಚ್ಚಾಯಿತು. ಬೊಕ್ಕಸದ ಹಣ ನುಂಗುವ ನಲವತ್ತು ಬಗೆಗಳನ್ನು ಅದರಲ್ಲಿ ಎಣಿಸಿದೆ. ಮೊದಲು ಬಂದ ಹಣವನ್ನು ಆಮೇಲೆ ಬರೆಯುವುದು, ಸುಳ್ಳು ತೂಕ, ಸುಳ್ಳು ಬೆಲೆ, ದಿನಗಳ ಲೆಕ್ಕದಲ್ಲಿ ಏರುಪೇರು. ಮೋಸವನ್ನು ತೋರಿಸಿಕೊಟ್ಟು ರುಜುವಾತು ಮಾಡಿದವನಿಗೆ ಆರನೆಯ ಒಂದು ಪಾಲು ಬಹುಮಾನ. ಅವನು ಸಂಬಳದ ಆಳಾಗಿದ್ದರೆ ಹನ್ನೆರಡನೆಯ ಒಂದು ಪಾಲು. ಆಗಲೂ ಆಳಿಗೆ ಅರ್ಧವೇ!

ನಮ್ಮ ತೋಟಗಳಿಗೆ ಬರೋಣ. ಚೆಕ್‌ರೋಲಿನಲ್ಲಿ ಎರಡು ಬಗೆಯ ಸುಳ್ಳುಂಟು. ಇಲ್ಲದವರ ಹೆಸರು ಬರೆಯುವುದು ಒಂದು. ಕೆಲಸಕ್ಕೆ ಬಂದವರು 33, ಪುಸ್ತಕದಲ್ಲಿ 40 ಎಂದಿಟ್ಟುಕೊಳ್ಳಿ. ಏಳು ಹೆಸರು, ತಿಂಗಳಿಗೆ 26 ದಿನ, 182 ಹಾಜರಿ. ಲೆಕ್ಕಕ್ಕೆಂದು ದಿನಗೂಲಿ 450 ಹಿಡಿದರೆ 81,900 ರೂಪಾಯಿ. ಹಣ ಹೋದದ್ದು ಧಣಿಯದಲ್ಲವೇ, ನಮಗೇನು ಎನ್ನಬೇಡಿ. ನಲವತ್ತು ಆಳಿನ ಕೆಲಸವನ್ನು ಮೂವತ್ತಮೂರು ಬೆನ್ನುಗಳಿಂದ ತೆಗೆಸಿರುತ್ತಾರೆ. ಎರಡನೆಯದು ಇದಕ್ಕಿಂತ ಕೆಟ್ಟದ್ದು: ಇರುವವರ ಹೆಸರನ್ನೇ ಬರೆಯದಿರುವುದು. ಇಪ್ಪತ್ತು ತುಂಬಿದರೆ ಭವಿಷ್ಯನಿಧಿ ಕಟ್ಟಬೇಕಾಗುತ್ತದೆಂದು ಹದಿನೆಂಟಕ್ಕೇ ಪುಸ್ತಕ ಮುಚ್ಚಿಬಿಡುತ್ತಾರೆ. ಆ ಹೆಣ್ಣುಮಗಳು ಇಪ್ಪತ್ತು ವರ್ಷ ಹಣ್ಣು ಕುಯ್ದು, ಮುಪ್ಪಿನಲ್ಲಿ ಗ್ರಾಚ್ಯುಟಿ ಕೇಳಿದರೆ ‘ನೀನು ಯಾರಮ್ಮ?’ ಎಂಬ ಉತ್ತರ ಸಿಗುತ್ತದೆ.

ಹಿಡಿಯುವುದು ಹೇಗೆ? ರಾಜಾಸ್ಥಾನದ ಕೂಲಿಕಾರರು ದಾರಿ ತೋರಿಸಿದ್ದಾರೆ. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸಭೆ ಸೇರಿಸಿ, ಸರ್ಕಾರಿ ಕೆಲಸದ ಹಾಜರಿ ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಇಂಥ ಸಭೆಗಳಲ್ಲಿ ಸತ್ತವರ ಹೆಸರೂ, ಊರು ಬಿಟ್ಟವರ ಹೆಸರೂ ಹೊರಬಿದ್ದವು. ಆ ಚಳವಳಿಯೇ ಬೆಳೆದು 2005ರ ಮಾಹಿತಿ ಹಕ್ಕಿನ ಕಾನೂನಿಗೆ ದಾರಿಯಾಯಿತು. ಖಾಸಗಿ ತೋಟದ ಚೆಕ್‌ರೋಲ್ ಹಾಗೆ ಸಿಗುವುದಿಲ್ಲ, ನಿಜ. ಆದರೆ ಲೈನ್ ಮನೆಗಳಲ್ಲಿ ನೀವೇ ಒಂದು ನೋಟ್‌ಬುಕ್ ಇಡಬಹುದು. ಯಾರು ಬಂದರು, ಎಷ್ಟು ಕಿಲೋ ಕುಯ್ದರು, ಯಾವ ದಿನ ಮಳೆಗೆ ಕೆಲಸ ನಿಂತಿತು. ಹಳ್ಳ ತುಂಬಿ ಯಾರೂ ದಾಟಲಾಗದ ದಿನ ಕಳೆ ತೆಗೆದ ಲೆಕ್ಕ ಇದ್ದರೆ ಆ ಪುಸ್ತಕ ತಾನೇ ಮಾತಾಡುತ್ತದೆ. ಭವಿಷ್ಯನಿಧಿಯ ಜಮೆಯನ್ನು ಈಗ ಮೊಬೈಲಿನಲ್ಲೇ ನೋಡಬಹುದು. ಬಟವಾಡೆಯಲ್ಲಿ ಹಿಡಿದ ಹಣ ಅಲ್ಲಿ ಜಮೆಯಾಗಿದೆಯೇ ನೋಡಿ. ಗಿರಣಿಯವರಿಗೂ ಇದೇ ಮಾತು.

ಕಳ್ಳನೆಂದರೆ ಕೆಳಗಿನವನೇ ಎಂಬ ನಂಬಿಕೆಯುಂಟು. ಗೇಟಿನಲ್ಲಿ ಕೂಲಿಯವನ ಚೀಲ ತಡಕುತ್ತಾರೆ. ಮ್ಯಾನೇಜರನ ಕಾರು ತಡಕುವುದಿಲ್ಲ. ಅಮೆರಿಕದಲ್ಲಿ ವಂಚನೆ ತನಿಖೆಗಾರರ ಸಂಘವೊಂದಿದೆ. ಅದರ 2024ರ ವರದಿಯಂತೆ, ಒಂದು ಸಾಧಾರಣ ಪ್ರಕರಣದಲ್ಲಿ ನೌಕರನಿಂದಾದ ನಷ್ಟ 60 ಸಾವಿರ ಡಾಲರ್, ಮಾಲೀಕ ಅಥವಾ ಮೇಲಧಿಕಾರಿಯಿಂದಾದದ್ದು 5 ಲಕ್ಷ. ಹೊರಬಿದ್ದ ಮೋಸಗಳಲ್ಲಿ ನೂರಕ್ಕೆ 43 ಯಾರೋ ಕೊಟ್ಟ ಸುಳಿವಿನಿಂದ ಗೊತ್ತಾದವು, ಆ ಸುಳಿವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊಟ್ಟವರು ನೌಕರರು. ಹೈದರಾಬಾದಿನ ಸತ್ಯಂ ಕಂಪನಿಯಲ್ಲಿ 5,361 ಕೋಟಿ ನಗದು ಇದೆಯೆಂದು ಪುಸ್ತಕ ಹೇಳುತ್ತಿತ್ತು. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು 2009ರ ಜನವರಿಯಲ್ಲಿ ಅಧ್ಯಕ್ಷನೇ ಬರೆದುಕೊಟ್ಟ. ಹೆಸರುವಾಸಿ ಆಡಿಟರುಗಳು ವರ್ಷವರ್ಷವೂ ರುಜು ಹಾಕಿದ್ದರು!

ಇನ್ನು ನಮ್ಮ ಮನೆಯ ದೋಸೆಯ ತೂತಿನ ಮಾತು. ಹಿಂದೆ ಒಂದು ಸಂಘದಲ್ಲಿ ವಂತಿಗೆ ಎತ್ತುವವನೂ ನಾನೇ, ಬರೆಯುವವನೂ ನಾನೇ, ಪೆಟ್ಟಿಗೆಯ ಬೀಗದ ಕೈಯೂ ನನ್ನಲ್ಲೇ. ವರ್ಷದ ಕೊನೆಗೆ ಶಿಲ್ಕಿನಲ್ಲಿ 1,140 ರೂಪಾಯಿ ಕಡಿಮೆ ಬಂತು. ನಾನು ಕದ್ದಿರಲಿಲ್ಲ, ಕದ್ದಿಲ್ಲವೆಂದು ತೋರಿಸಲು ಚೀಟಿಯೂ ಇರಲಿಲ್ಲ. ಕೈಯಿಂದ ಕಟ್ಟಿದೆ. ಒಬ್ಬ ಹಿರಿಯ ಕೆಲಸಗಾರರು ‘ಮೇಷ್ಟ್ರೇ, ನಾವು ನಂಬುತ್ತೇವೆ, ಆದರೆ ಇನ್ನು ಮೇಲೆ ನಂಬುವ ಹಾಗೆ ಮಾಡಬೇಡಿ’ ಎಂದರು. ಅಂದಿನಿಂದ ಹಣ ಹಿಡಿಯುವವರು ಬೇರೆ, ಬರೆಯುವವರು ಬೇರೆ. ಅಂಗಡಿ ಇಟ್ಟಿರುವ ಮಿತ್ರರೂ ಇಷ್ಟು ಮಾಡಬಹುದು: ಗಲ್ಲೆಯಲ್ಲಿ ಕೂರುವ ಹುಡುಗನ ಕೈಯಲ್ಲೇ ದಿನವಹಿಯನ್ನೂ ಬರೆಸಬೇಡಿ. ಜೈಲಿನಲ್ಲಿದ್ದ ಹಣ ನುಂಗಿದವರನ್ನೇ ಮಾತಾಡಿಸಿ ಕ್ರೆಸ್ಸಿ ಎಂಬ ವಿದ್ವಾಂಸ 1953ರಲ್ಲಿ ಒಂದು ಪುಸ್ತಕ ಬರೆದ. ಯಾರಿಗೂ ಹೇಳಲಾಗದ ಹಣದ ಸಂಕಟ, ಕೈಗೆಟುಕುವ ಅವಕಾಶ, ‘ಸಾಲವೆಂದು ತೆಗೆದೆ’ ಎಂಬ ಸಮಾಧಾನ ಇವು ಕೂಡಿದಾಗ ನಂಬಿಕಸ್ಥನೂ ಜಾರುತ್ತಾನೆಂದು ಕಂಡುಕೊಂಡ. ಹುಡುಗನ ಸಂಬಳ ಅವನ ಹೊಟ್ಟೆಗೆ ಸಾಲುತ್ತದೆಯೇ ಎಂಬುದನ್ನೂ ನೋಡಿ.

ಬರುವ ಭಾನುವಾರ ಸಂಜೆಯಿಂದ ಇಲ್ಲೇ ಲೆಕ್ಕದ ತರಗತಿ ನಡೆಯುತ್ತದೆ. ಮೊದಲ ದಿನ ನಮ್ಮ ಸಂಘದ ರಶೀದಿ ಪುಸ್ತಕವನ್ನೇ ಮೇಜಿನ ಮೇಲೆ ಇಡುತ್ತೇನೆ. ನೀವು ನಿಮ್ಮ ಕೂಲಿ ಚೀಟಿ ತನ್ನಿ. ಓದು ಬಾರದವರು ಓದುವ ಮಗಳನ್ನೋ ಮಗನನ್ನೋ ಜೊತೆಗೆ ಕರೆದುಕೊಂಡು ಬನ್ನಿ.