ತಳಪಾಯದಡಿಯ ಸೋರಿಕೆ

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಆಡಿದ ಮಾತುಗಳು)



ಚಾವಣಿ ಸೋರಿದರೆ ಕೂಡಲೇ ತಿಳಿಯುತ್ತದೆ. ತಲೆಯ ಮೇಲೆ ಹನಿ ಬೀಳುತ್ತದೆ. ಕಾಲ ಕೆಳಗೆ ಸೋರುವ ನೀರು ಗೋಡೆ ಬಿರಿಯುವವರೆಗೂ ತಿಳಿಯುವುದಿಲ್ಲ. ಆ ವಿಷಯವಾಗಿ ಇಂದು ತಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹೋದ ವರ್ಷ ಒಬ್ಬ ಅಜ್ಜಿ, "ತಮ್ಮಾ, ಬ್ಯಾಸಗ್ಯಾಗೂ ಗ್ವಾಡಿ ಹಸಿ ಐತಿ, ಏನ್ ಮಾಡ್ಲಿ?" ಎಂದು ಕೇಳಿದರು. ನಾನು ಮೇಲುಮೇಲೆ ನೋಡಿ, ಸಿಮೆಂಟಿನ ಗಿಲಾವು ಮಾಡಿಸಿರೆಂದು ಹೇಳಿ ಬಂದೆ. ಮೂರು ತಿಂಗಳಲ್ಲಿ ಗಿಲಾವು ಉದುರಿತು. ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಅಗೆದು ನೋಡಿದರೆ ಬಚ್ಚಲಿಗೆ ಹೋಗುವ ಕೊಳವೆಯ ಜೋಡಣೆ ಗೋಡೆಯಡಿ ಬಿಟ್ಟುಹೋಗಿತ್ತು. ಅಜ್ಜಿಯ ಹಣ ನೀರುಪಾಲಾಯಿತು. ಬೇಸಾಯದ ಡಿಪ್ಲೊಮಾ ಓದಿದ ನನಗೆ ಕಟ್ಟಡದ ಸಂಗತಿ ತಿಳಿಯದಿದ್ದರೂ ಎರೆಮಣ್ಣಿನ ಗುಣವಾದರೂ ನೆನಪಿರಬೇಕಾಗಿತ್ತು.

ಧಾರವಾಡ, ಗದಗ, ವಿಜಯಪುರ, ರಾಯಚೂರು ಕಡೆಯ ಎರೆಭೂಮಿ ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮನೆಯ ಒಂದೇ ಮೂಲೆಯಡಿ ನೀರು ಇಂಗಿದರೆ ಅಲ್ಲಿಯ ಮಣ್ಣು ಮಾತ್ರ ಉಬ್ಬಿ, ಮೆತ್ತಗಾಗುತ್ತದೆ. ಗೋಡೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದು ಸೀಳುತ್ತದೆ. ಇಷ್ಟೇ ಅಲ್ಲ. ನಳದ ನೀರು ನಿಂತ ಹೊತ್ತಿನಲ್ಲಿ ಅದೇ ತೂತಿನಿಂದ ಹೊಲಸು ನೀರು ಕೊಳವೆಯೊಳಗೆ ಸೇರಿ, ವಾಂತಿಭೇದಿಗೆ ದಾರಿಯಾಗುತ್ತದೆ. ನಷ್ಟದ ಲೆಕ್ಕವನ್ನೂ ನೋಡಿರಿ. ನಿಮಿಷಕ್ಕೆ ಒಂದು ಲೀಟರು ಸೋರಿದರೆ ದಿನಕ್ಕೆ 1,440 ಲೀಟರು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರು ಎಂದು ಗೊತ್ತುಮಾಡಿದೆ. ಅಂದರೆ 26 ಜನರ ನೀರು ಮಣ್ಣುಪಾಲು!

ಗುರುತಿಸುವ ಬಗೆ

ಬೇಸಗೆಯಲ್ಲೂ ಆರದ ನೆಲ, ಗೋಡೆಯ ಬುಡದಲ್ಲಿ ಬಿಳಿ ಉಪ್ಪು, ಕುಸಿದ ಹಾಸುಗಲ್ಲು, ಹೊಸ ಬಿರುಕು, ಇವು ಸೂಚನೆಗಳು. ಮಳೆಗಾಲದಲ್ಲಿ ಮಾತ್ರ ಹಸಿ ಕಂಡರೆ ಅದು ಬಹುಮಟ್ಟಿಗೆ ಮಳೆನೀರು. ವರ್ಷವಿಡೀ ಇದ್ದರೆ ಸೋರಿಕೆಯನ್ನು ಶಂಕಿಸತಕ್ಕದ್ದು. ಆಮೇಲೆ ಹೀಗೆ ಪರೀಕ್ಷಿಸಿರಿ:

1. ರಾತ್ರಿ ಎಲ್ಲ ನಳಗಳನ್ನೂ ಮುಚ್ಚಿ, ಟಾಕಿಯ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಉದ್ದಗಲ ಒಂದೊಂದು ಮೀಟರು ಇರುವ ಟಾಕಿಯಲ್ಲಿ ಒಂದು ಸೆಂಟಿಮೀಟರು ಇಳಿದರೆ 10 ಲೀಟರು ಹೋಯಿತೆಂದು ಅರ್ಥ. ಮರುರಾತ್ರಿ ಟಾಕಿಯಿಂದ ಹೊರಡುವ ವಾಲ್ವನ್ನೂ ಮುಚ್ಚಿ ನೋಡಿರಿ. ಆಗಲೂ ಇಳಿದರೆ ದೋಷ ಟಾಕಿಯದು; ಇಳಿಯದಿದ್ದರೆ ಕೊಳವೆಯದು.

2. ಮೀಟರು ಇದ್ದವರು ನೀರು ಬರುವ ಹೊತ್ತಿನಲ್ಲಿ ಮನೆಯ ನಳಗಳನ್ನೂ ಟಾಕಿಗೆ ಬೀಳುವ ನೀರನ್ನೂ ನಿಲ್ಲಿಸಿ ಮುಳ್ಳು ನೋಡಿರಿ. ಅದು ತಿರುಗುತ್ತಿದ್ದರೆ ಸೋರಿಕೆ ಖಂಡಿತ.

3. ಊರು ಮಲಗಿದ ಮೇಲೆ, ಕೊಳವೆಯಲ್ಲಿ ನೀರು ಇರುವಾಗ, ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ನೆಲಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿರಿ. ಸುಂಯ್ ಎಂಬ ಸದ್ದು ಹೆಚ್ಚಾದ ಕಡೆಗೆ ಸರಿಯುತ್ತ ಹೋದರೆ ಜಾಗ ಸಿಕ್ಕೀತು.

4. ಬಚ್ಚಲಿನ ತೂಬಿಗೆ ಬಟ್ಟೆ ತುರುಕಿ, ನಾಲ್ಕು ಬೆರಳು ನೀರು ನಿಲ್ಲಿಸಿ, ಗುರುತು ಹಾಕಿ ಅರ್ಧ ಗಂಟೆ ಬಿಡಿರಿ. ನೀರು ಇಳಿದರೆ, ತೂಬಿನ ಬಟ್ಟೆ ಭದ್ರವಾಗಿದೆಯೆಂದು ನೋಡಿಕೊಂಡ ಮೇಲೆ, ಬಚ್ಚಲಿನ ನೆಲವೇ ಒಡೆದಿದೆಯೆಂದು ತಿಳಿಯಿರಿ.

ದುರಸ್ತಿ

ತಳಪಾಯದಡಿಯ ಹಳೆಯ ಕೊಳವೆಯನ್ನು ಹುಡುಕಿ ಸರಿಮಾಡುವುದಕ್ಕಿಂತ ಅದನ್ನು ಮುಚ್ಚಿಬಿಟ್ಟು, ಹೊಸ ಕೊಳವೆಯನ್ನು ಗೋಡೆಯ ಹೊರಮೈಯಲ್ಲಿ ಕಣ್ಣಿಗೆ ಕಾಣುವಂತೆ ಒಯ್ಯುವುದೇ ಮೇಲು. ಅದು ಗೋಡೆ ದಾಟುವಲ್ಲಿ ಇನ್ನೂ ದಪ್ಪ ಕೊಳವೆಯ ತುಂಡೊಂದನ್ನು ಕೂರಿಸಿ, ಅದರೊಳಗಿಂದ ತೂರಿಸಿರಿ. ಗೋಡೆ ಅಲ್ಪಸ್ವಲ್ಪ ಇಳಿದರೂ ಕೊಳವೆ ಮುರಿಯದು.

ಅಗೆಯಲೇಬೇಕಾದರೆ ಒಮ್ಮೆಗೆ ಮೂರು ಅಡಿಗಿಂತ ಹೆಚ್ಚು ತಳಪಾಯವನ್ನು ಬಿಚ್ಚಬೇಡಿರಿ. ಗೋಡೆ ವಾಲಿದ್ದರೆ ಬಲ್ಲ ಮೇಸ್ತ್ರಿ ಬಂದು ಊರೆ ಕೊಡುವವರೆಗೆ ಗುದ್ದಲಿ ಮುಟ್ಟಬಾರದು. ಕೆಟ್ಟ ತುಂಡನ್ನು ಕತ್ತರಿಸಿ ಹೊಸದನ್ನು ಕೂಡಿಸಿರಿ. ಪಿವಿಸಿ ಕೊಳವೆಯ ತುದಿಗಳನ್ನು ಒರೆಸಿ ಒಣಗಿಸದೆ ಅಂಟು ಹಚ್ಚಬಾರದು. ಅಂಟು ಪೂರ್ತಿ ಗಟ್ಟಿಯಾದ ಮೇಲೆ ನೀರು ಬಿಟ್ಟು, ಹನಿ ಒಸರದೆಂದು ಖಾತ್ರಿಯಾದ ಮೇಲೆಯೇ ಗುಂಡಿ ಮುಚ್ಚಿರಿ. ತುಂಬುವಾಗ ಎರೆಮಣ್ಣು ಬೇಡ. ಕೊಳವೆಯ ಸುತ್ತ ಉಸುಕು, ಮೇಲೆ ಗರಸು, ಆರಾರು ಅಂಗುಲಕ್ಕೊಮ್ಮೆ ದಮ್ಮಸು.

ಕೊನೆಗೆ, ಗಿಲಾವಿಗೆ ಅವಸರ ಬೇಡ. ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳು ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದು ಅರ್ಥ. ಅಜ್ಜಿಯ ಮನೆಯಲ್ಲಿ ದೀಪಾವಳಿಗೆ ಅಂಟಿಸಿದ ಗಾಜು ಇಂದಿಗೂ ಹಾಗೆಯೇ ಇದೆ. ಆ ಬೀದಿಗೆ ಹೋದಾಗಲೆಲ್ಲ ನಾನು ಮೊದಲು ನೋಡುವುದು ಅದನ್ನೇ.

ಈ ರಾತ್ರಿಯೇ ತಮ್ಮ ಟಾಕಿಗೆ ಒಂದು ಗೆರೆ ಎಳೆಯಿರಿ. ಬೆಳಿಗ್ಗೆ ನೀರು ಇಳಿದಿದ್ದರೆ ನನಗೆ ಹೇಳಿಕಳುಹಿಸಿರಿ. ಈ ಸಲ ಸಲಾಕೆ ಹಿಡಿದೇ ಬರುತ್ತೇನೆ.