ಬಂಧನವೂ ಬಂಧುವೂ

(ಮಠದ ಮಾಸಿಕ ಗೋಷ್ಠಿಯಲ್ಲಿ ಶ್ರೀಗಳು ಅನುಗ್ರಹಿಸಿದ ಪ್ರವಚನ)



ಸಂಸ್ಕೃತದಲ್ಲಿ ‘ಬಂಧ್’ ಎಂಬ ಒಂದು ಧಾತುವುಂಟು. ಕಟ್ಟು ಎಂದು ಅದರ ಅರ್ಥ. ಬಂಧನ ಎಂಬ ಮಾತು ಅದರಿಂದ ಬಂದಿತು. ಬಂಧು ಎಂಬ ಮಾತೂ ಅದರಿಂದಲೇ ಬಂದಿತು. ಪಾಠಶಾಲೆಯಲ್ಲಿ ಧಾತುಪಾಠವನ್ನು ಉರುಹೊಡೆಯುವಾಗ ಇದು ನಮಗೆ ಬರಿಯ ವ್ಯಾಕರಣವಾಗಿತ್ತು. ಈಚೆಗೆ ಅಮೆರಿಕಾ ದೇಶದ ಕಾರಾಗೃಹಗಳ ವಿಷಯವನ್ನು ಓದುತ್ತ, ಬಲ್ಲವರಿಂದ ಕೇಳುತ್ತ ಹೋದಂತೆ, ಈ ಎರಡು ಕಟ್ಟುಗಳಲ್ಲಿ ಒಂದು ಬಿಗಿಯಾದಾಗ ಇನ್ನೊಂದು ಹೇಗೆ ಸಡಿಲವಾಗುತ್ತದೆ ಎಂಬುದು ತಿಳಿಯಿತು. ಅದನ್ನು ಈ ದಿನ ನಿಮ್ಮ ಮುಂದೆ ಇಡುತ್ತೇವೆ.

ಅಮೆರಿಕೆಯ ಸೆರೆಮನೆಯ ಮಾತು ಈ ಊರಿನವರಿಗೆ ಏಕೆ ಎಂದು ಕೇಳಬಹುದು. ನಿಮ್ಮ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಅಲ್ಲದೆ, “ಅಲ್ಲಿಯ ಜೈಲೆಂದರೆ ನಮ್ಮ ಹೋಟೆಲಿಗಿಂತ ಮೇಲಂತೆ, ಟಿ.ವಿ. ಉಂಟು, ಮೂರು ಹೊತ್ತು ಊಟ ಉಂಟು, ಅದೂ ಒಂದು ಶಿಕ್ಷೆಯೆ?” ಎಂದು ಅರಳಿಕಟ್ಟೆಯ ಮೇಲೆ ಮಾತಾಡುವವರನ್ನು ನಾವು ಕೇಳಿದ್ದೇವೆ.

ನಮ್ಮ ಸಂವಿಧಾನದಲ್ಲಿ ಸೆರೆಮನೆ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಅಲ್ಲಿ ರಾಜ್ಯಗಳ ಸೆರೆಮನೆ ಬೇರೆ, ಕೇಂದ್ರದ್ದು ಬೇರೆ. ಮಾದಕವಸ್ತುವಿನ ವ್ಯಾಪಾರ, ಬ್ಯಾಂಕಿನ ದರೋಡೆ, ಷೇರುಪೇಟೆಯ ವಂಚನೆ ಇಂಥವುಗಳಲ್ಲಿ ಕೇಂದ್ರದ ಶಾಸನವನ್ನು ಮುರಿದವರು ಫೆಡರಲ್ ಕಾರಾಗೃಹಕ್ಕೆ ಹೋಗುತ್ತಾರೆ. ಇವುಗಳನ್ನು ನೋಡಿಕೊಳ್ಳುವ ಬ್ಯೂರೋ 1930ರಲ್ಲಿ ಸ್ಥಾಪನೆಯಾಯಿತು. ಈಗ ಅದರ ವಶದಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದಾರೆ. ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಮಾದಕವಸ್ತುವಿನ ಅಪರಾಧದವರು. ಬೇಲಿಯೂ ಸರಿಯಾಗಿಲ್ಲದ ಶಿಬಿರಗಳಿಂದ ಹಿಡಿದು, 1994ರಲ್ಲಿ ಕೊಲರಾಡೋ ರಾಜ್ಯದ ಫ್ಲಾರೆನ್ಸಿನಲ್ಲಿ ತೆರೆದ, ದಿನದ ಬಹುಭಾಗ ಒಬ್ಬನನ್ನೇ ಕೋಣೆಯಲ್ಲಿ ಕೂಡಿಹಾಕುವ ಕಾರಾಗೃಹದವರೆಗೆ ಹಲವು ಬಗೆಗಳುಂಟು. ನಾವು ಹೇಳುವುದು ನಡುವಿನವರ ದಿನಚರಿ.

ಒಳಗೆ ಹೋದವನಿಗೆ ಎಂಟು ಅಂಕಿಯ ಒಂದು ಸಂಖ್ಯೆ ಬರುತ್ತದೆ. ಖಾಕಿ ಬಟ್ಟೆ ಬರುತ್ತದೆ. ಆಮೇಲೆ ಅವನ ಬದುಕೆಲ್ಲ ಎಣಿಕೆ. ನಡುರಾತ್ರಿ ಒಮ್ಮೆ, ಮೂರಕ್ಕೆ ಒಮ್ಮೆ, ಬೆಳಗಿನ ಐದಕ್ಕೆ ಒಮ್ಮೆ ಟಾರ್ಚು ಹಿಡಿದು ಬಂದು ಎಣಿಸುತ್ತಾರೆ. ಸಂಜೆ ನಾಲ್ಕು ಗಂಟೆಗೆ ಮಾತ್ರ ಎಲ್ಲರೂ ಮಂಚದ ಪಕ್ಕದಲ್ಲಿ ಎದ್ದು ನಿಲ್ಲಬೇಕು. ಹೊದಿಕೆಯ ಕೆಳಗೆ ಇರುವುದು ದಿಂಬೋ ಮನುಷ್ಯನೋ ಎಂಬ ಸಂಶಯ ಬರಬಾರದು. ಉಸಿರಾಡುವ ದೇಹ ಕಣ್ಣಿಗೆ ಕಾಣಬೇಕು. ರಾತ್ರಿ ಹತ್ತಕ್ಕೆ ಮತ್ತೆ ಎಣಿಕೆ. ಲೆಕ್ಕ ತಪ್ಪಿದರೆ ಮೊದಲಿನಿಂದ. ಬಹುಕಡೆ ಗಂಟೆಗೆ ಒಮ್ಮೆ ಹತ್ತು ನಿಮಿಷ ಬಾಗಿಲು ತೆರೆಯುತ್ತದೆ. ಗ್ರಂಥಾಲಯಕ್ಕೋ ಅಂಗಳಕ್ಕೋ ಹೋಗುವವನು ಅಷ್ಟರೊಳಗೆ ಹೋಗಿ ಸೇರಬೇಕು. ಹೋದಮೇಲೆ ಬೇಸರವಾಯಿತೆಂದು ನಡುವೆ ಎದ್ದು ಬರುವಂತಿಲ್ಲ.

ಇನ್ನು ಆ ಟಿ.ವಿ.ಯ ಮಾತು. ಟಿ.ವಿ. ಇರುವುದು ನಿಜ. ಸಾಮಾನ್ಯವಾಗಿ ಅದಕ್ಕೆ ಧ್ವನಿಯಿರುವುದಿಲ್ಲ. ಒಳಗಿನ ಅಂಗಡಿಯಲ್ಲಿ ಸಣ್ಣ ರೇಡಿಯೋ ಕೊಂಡು ಕಿವಿಗೆ ಸಿಕ್ಕಿಸಿಕೊಂಡವನಿಗೆ ಮಾತ್ರ ಮಾತು ಕೇಳುತ್ತದೆ. ಯಾವ ಕುರ್ಚಿ ಯಾರದು, ಯಾವ ಪೆಟ್ಟಿಗೆಯಲ್ಲಿ ಯಾವ ಗುಂಪಿನವರ ಕಾರ್ಯಕ್ರಮ ಎಂಬುದಕ್ಕೆ ಬರೆಯದ ಕಟ್ಟಳೆಗಳುಂಟು. ಹೊಸಬನು ತಿಳಿಯದೆ ಕುಳಿತರೆ ಹೊಡೆದಾಟವೇ ಆಗಬಹುದು. ಕಟ್ಟೆಯ ಮೇಲಿನ ಪಂಡಿತರು ಹೇಳುವ ಸುಖ ಇದು!

ದೇಹದಲ್ಲಿ ಶಕ್ತಿಯಿರುವವರೆಲ್ಲರೂ ಕೆಲಸ ಮಾಡಬೇಕೆಂಬುದು ನಿಯಮ. ಅಡಿಗೆಮನೆ, ನೆಲ ಒರೆಸುವುದು, ಹುಲ್ಲು ಕತ್ತರಿಸುವುದು. ಕೂಲಿ ಬಹುಕಾಲದಿಂದ ಗಂಟೆಗೆ 12ರಿಂದ 40 ಸೆಂಟು. ನೂರು ಸೆಂಟಿಗೆ ಒಂದು ಡಾಲರು. ಕಾಯಿಲೆಯೆಂದು ತಾನಾಗಿ ವೈದ್ಯರನ್ನು ಕೇಳಿಕೊಂಡರೆ ಸಾಮಾನ್ಯವಾಗಿ ಎರಡು ಡಾಲರು ಕೊಡಬೇಕು. ಕಡಿಮೆ ಕೂಲಿಯವನಿಗೆ ಅದು ಹದಿನಾರು ಹದಿನೇಳು ಗಂಟೆಯ ದುಡಿಮೆ. 1934ರಲ್ಲಿ ಸ್ಥಾಪಿಸಿದ ಕಾರ್ಖಾನೆಗಳಲ್ಲಿ ಇನ್ನಷ್ಟು ಸಿಗುತ್ತದೆ, ಆದರೆ ಅಲ್ಲಿ ಎಲ್ಲರಿಗೂ ಜಾಗವಿಲ್ಲ. ಇದನ್ನು ಕಾಯಕವೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಒಪ್ಪಿ ಮಾಡಿದ್ದು ಕಾಯಕ, ಒಪ್ಪಿಸಿ ಮಾಡಿಸಿದ್ದು ದುಡಿತ. ಆದರೂ ಒಂದು ಒಳ್ಳೆಯ ಮಾತು ಹೇಳಬೇಕು. ಪ್ರೌಢಶಾಲೆ ಮುಗಿಸದವನು ಕನಿಷ್ಠ 240 ಗಂಟೆ ತರಗತಿಯಲ್ಲಿ ಕೂಡಬೇಕೆಂದು ಅಲ್ಲಿ ವಿಧಿಯಿದೆ. ಎಷ್ಟೋ ವೇಳೆ ಅವನ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದಿಸುವವನೂ ಒಬ್ಬ ಕೈದಿಯೆ. ಹೊರಗೆ ಬ್ಯಾಂಕನ್ನು ಮುಳುಗಿಸಿ ಬಂದವನು ಒಳಗೆ ಇನ್ನೊಬ್ಬನಿಗೆ ಲೆಕ್ಕ ಕಲಿಸುತ್ತ ಕುಳಿತಿರಬಹುದು. ಬ್ಯಾಂಕಿನಲ್ಲಿ ಕುಳಿತಾಗ ಅವನಿಗೆ ಆ ಬುದ್ಧಿ ಇದ್ದಿದ್ದರೆ ಎಂದು ನೀವು ನಗಬಹುದು, ನಗಿರಿ.

ಒಳಗೆ ರೊಕ್ಕ ಇಟ್ಟುಕೊಳ್ಳುವಂತಿಲ್ಲ. ಹಿಂದೆ ಸಿಗರೇಟೇ ನಾಣ್ಯವಾಗಿತ್ತು. 2004ರಲ್ಲಿ ತಂಬಾಕಿನ ಮಾರಾಟ ನಿಂತಮೇಲೆ ಅಂಚೆಚೀಟಿಯೂ ಪೊಟ್ಟಣದಲ್ಲಿ ಬರುವ ಮೀನೂ ನಾಣ್ಯವಾದವು. ನಮ್ಮ ಕರಾವಳಿಯವರು ಬಂಗುಡೆ ಎನ್ನುತ್ತಾರಲ್ಲ, ಆ ಜಾತಿಯ ಮೀನು. ಪೀಠದ ಮೇಲಿಂದ ಮೀನಿನ ಮಾತು ಬಂದಿತೆಂದು ಯಾರೂ ಹುಬ್ಬೇರಿಸಬೇಡಿ. ಅದನ್ನು ತಿನ್ನದವರೂ ಕೂಡಿಡುತ್ತಾರೆ. ಹೆಚ್ಚುಕಡಿಮೆ ಒಂದು ಡಾಲರಿನ ಬೆಲೆ, ಕೆಡುವುದಿಲ್ಲ. ಕ್ಷೌರಕ್ಕೆ ಇಷ್ಟು ಪೊಟ್ಟಣ, ಬಟ್ಟೆ ಇಸ್ತ್ರಿಗೆ ಇಷ್ಟು ಪೊಟ್ಟಣ. ಅಂದಹಾಗೆ, ಮಾಂಸ ತಿನ್ನದವರಿಗೆ ಬೇರೆ ಊಟವನ್ನೂ ಅಲ್ಲಿ ಕೊಡುತ್ತಾರೆ.

ಇವೆಲ್ಲವನ್ನೂ ಮನುಷ್ಯ ಸಹಿಸಿಯಾನು. ಸಹಿಸಲಾರದ್ದು ಬಂಧುವಿನ ಕಟ್ಟು ಸಡಿಲವಾಗುವುದು. ದೂರವಾಣಿಗೆ ತಿಂಗಳಿಗೆ 300 ನಿಮಿಷವೆಂಬುದು ಬಹುಕಾಲದ ಮಿತಿ. ಒಂದು ಕರೆಗೆ ಹದಿನೈದು ನಿಮಿಷ, ಮಾತು ಮುಗಿಯಲಿ ಬಿಡಲಿ ತಾನೇ ಕಡಿದುಹೋಗುತ್ತದೆ. ಭೇಟಿಗೆ ತಿಂಗಳಿಗೆ ನಾಲ್ಕು ಗಂಟೆಯಾದರೂ ಕೊಡಬೇಕೆಂದು ವಿಧಿ. ಬಂದಾಗ ಒಂದು ಅಪ್ಪುಗೆ, ಹೋಗುವಾಗ ಒಂದು ಅಪ್ಪುಗೆ. ಆಮೇಲೆ ಬಟ್ಟೆ ಬಿಚ್ಚಿಸಿ ಶೋಧನೆ. ಅದಕ್ಕೆ ಹೆದರಿ ಮಕ್ಕಳನ್ನು ಕರೆತರಬೇಡಿರೆಂದು ಹೇಳಿಕಳುಹಿಸುವ ತಂದೆಯರುಂಟು. ಮನೆಯಿಂದ 500 ಮೈಲಿಯ ಒಳಗೆ ಇಡಲು ಪ್ರಯತ್ನಿಸಬೇಕೆಂದು 2018ರ ಕಾನೂನು ಹೇಳುತ್ತದೆ. 500 ಮೈಲಿಯೆಂದರೆ ಎಷ್ಟು? ಬೆಂಗಳೂರಿನಿಂದ ಬೀದರಿಗೆ ಹೋದರೂ ಇನ್ನೂ ದಾರಿ ಉಳಿಯುತ್ತದೆ. ಬಡವಳಾದ ಹೆಂಡತಿ ಇದನ್ನು ವರ್ಷಕ್ಕೆ ಎಷ್ಟು ಸಲ ಹೋಗಿಬಂದಾಳು?

ಕೌಟಿಲ್ಯನನ್ನು ಕಠೋರನೆನ್ನುತ್ತಾರೆ. ಅವನೂ ರಾಜನ ಜನ್ಮನಕ್ಷತ್ರದ ದಿನದಲ್ಲಿ, ಹುಣ್ಣಿಮೆಯಲ್ಲಿ ಬಾಲರನ್ನು, ವೃದ್ಧರನ್ನು, ರೋಗಿಗಳನ್ನು, ಅನಾಥರನ್ನು ಬಂಧನದಿಂದ ಬಿಡಬೇಕೆಂದ. ಅಮೆರಿಕೆಯಲ್ಲಿ 1984ರ ಶಾಸನದಿಂದ, 1987ರ ನವೆಂಬರ್ 1ರ ನಂತರದ ಫೆಡರಲ್ ಅಪರಾಧಗಳಿಗೆ ಪೆರೋಲ್ ಇಲ್ಲವಾಯಿತು. ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಡಿತ ಉಂಟು. ಮುದುಕರೂ ತೀರ ರೋಗಿಗಳೂ ಬಿಡುಗಡೆಗಾಗಿ ತಾವೇ ನ್ಯಾಯಾಲಯದ ಮೊರೆಹೋಗಲು ದಾರಿಯಾದದ್ದು 2018ರ ಕಾನೂನಿನಿಂದ. ಅಪರಾಧಕ್ಕೆ ದಂಡನೆ ಬೇಡವೆಂದು ನಾವು ಹೇಳುತ್ತಿಲ್ಲ. ವಿಷವನ್ನು ಮಾರಿ ಪರರ ಮಕ್ಕಳನ್ನು ಕೆಡಿಸಿದವನಿಗೆ ದಂಡನೆ ಬೇಕು. ಆದರೆ ನ್ಯಾಯಾಧೀಶರು ವಿಧಿಸಿದ್ದು ಬಂಧನವನ್ನು. ಬಂಧುಗಳು ಬಿಟ್ಟುಬಿಡಬೇಕೆಂದು ಯಾವ ತೀರ್ಪಿನಲ್ಲಿಯೂ ಬರೆದಿಲ್ಲ. ಆ ಶಿಕ್ಷೆಯನ್ನು ಕೊಡುವವರು ನಾವು.

ಒಬ್ಬ ತಾಯಿ ಮಠಕ್ಕೆ ಬಂದಿದ್ದರು. ಮಗ ಅಂಥ ಒಂದು ಕಾರಾಗೃಹದಲ್ಲಿದ್ದಾನೆ. ಕೆಲಸದ ಒತ್ತಡ, ರಜೆ ಸಿಗುವುದಿಲ್ಲ ಎಂದು ಊರಿಗೆಲ್ಲ ಹೇಳಿದ್ದಾರೆ. “ಕಾಗದ ಬರೆದಿರೇನಮ್ಮ?” ಎಂದು ಕೇಳಿದೆವು. “ಇಲ್ಲ ಬುದ್ಧಿ, ವಿಳಾಸ ನೋಡಿದರೆ ಅಂಚೆಯವರಿಗೆ ತಿಳಿದುಬಿಡುತ್ತದೆ” ಎಂದರು. ಅಂಚೆಯವರ ಭಯಕ್ಕೆ ಮಗನನ್ನು ಬಿಟ್ಟಂತಾಯಿತು. ಸಂಜೆಯ ಎಣಿಕೆ ಮುಗಿದಮೇಲೆ ಅಲ್ಲಿ ಸಾಮಾನ್ಯವಾಗಿ ಕಾಗದ ಹಂಚುತ್ತಾರೆ. ಒಬ್ಬ ಅಧಿಕಾರಿ ನಿಂತು ಹೆಸರು ಕೂಗುತ್ತಾನೆ. ದಿನವೆಲ್ಲ ಸಂಖ್ಯೆಯಾಗಿದ್ದವನು ಆಗ ಒಂದು ಗಳಿಗೆ ಹೆಸರಾಗುತ್ತಾನೆ. ಕೂಗಿಸಿಕೊಳ್ಳದವರು ಸುಮ್ಮನೆ ಮಂಚಕ್ಕೆ ಹಿಂತಿರುಗುತ್ತಾರೆ. ಇದನ್ನು ಹೇಳಿದಾಗ ಆ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ, “ಏನು ಬರೆಯಲಿ ಬುದ್ಧಿ?” ಎಂದರು. ಬುದ್ಧಿವಾದ ಬರೆಯಬೇಡಿ, ಮಳೆ ಬಂದಿತೆ, ಹಸು ಕರು ಹಾಕಿತೆ, ತೆಂಗಿಗೆ ಈ ಸಲ ಏನು ರೋಗ, ಅದನ್ನು ಬರೆಯಿರಿ ಎಂದೆವು.

ಇಲ್ಲಿ ಕುಳಿತವರಲ್ಲಿ ಅಂಥವರು ಇನ್ನೂ ಇದ್ದರೆ, ದೇಶ ಯಾವುದೇ ಆಗಲಿ, ಸಂಕೋಚವಿಲ್ಲದೆ ಬನ್ನಿ. ಅಮೆರಿಕೆಗಾದರೆ ಹೆಸರಿನ ಜೊತೆಗೆ ಆ ಎಂಟು ಅಂಕಿಯ ಸಂಖ್ಯೆಯನ್ನು ಬರೆಯಲೇಬೇಕು, ಲಕೋಟೆಯೊಳಗೆ ಹಣ ಇಡಬಾರದು. ತೆರೆದು ನೋಡಿಯೇ ಕೊಡುತ್ತಾರೆ. ಕೆಲವು ಕಡೆ ಮೂಲ ಕಾಗದದ ಬದಲು ಅದರ ಪ್ರತಿಯನ್ನು ಕೊಡುತ್ತಾರೆ. ಕೊಡಲಿ. ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದುಕೊಡುವ ಹುಡುಗರು ನಮ್ಮ ವಿದ್ಯಾರ್ಥಿನಿಲಯದಲ್ಲಿ ಇದ್ದಾರೆ. ಸಂಜೆ ಪೂಜೆಯ ಹೊತ್ತಿನ ನಂತರ ಸಿಗುತ್ತಾರೆ.