ಮಾಗಿಯಲ್ಲಿ ಮರಗಳ ಆರೈಕೆ



ಮರಗಳ ಆರೈಕೆಯೆಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ ಕಾಲಗಳು: ಸಸಿ ನೆಡುವ ಮಳೆಗಾಲವೊಂದು, ನೀರಿಗಾಗಿ ಪರದಾಡುವ ಬೇಸಗೆಯೊಂದು. ಇವೆರಡರ ನಡುವಿನ ಮಾಗಿಯ ದಿನಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹವೆ ಹಿತವಾಗಿರುತ್ತದೆ, ಬಿಸಿಲು ಮೃದುವಾಗಿರುತ್ತದೆ, ಗಿಡವೂ ನಮ್ಮಂತೆಯೇ ಸುಖವಾಗಿದೆಯೆಂದು ಭಾವಿಸಿಬಿಡುತ್ತೇವೆ. ವಿಜಯಪುರದ ಸೀಮೆಯಲ್ಲಿ ಎಳೆಯ ಸಸಿಗಳಿಗೆ ಮುಳುವಾಗಿರುವುದು ಈ ಭಾವನೆಯೇ. ಏಪ್ರಿಲ್ ತಿಂಗಳಲ್ಲಿ ಒಣಗಿ ನಿಂತ ಸಸಿಯನ್ನು ಕಂಡು ಬಿಸಿಲನ್ನು ದೂರುತ್ತೇವೆ. ಅದರ ಬೇರು ಕೆಟ್ಟುದು ಬಹುಮಟ್ಟಿಗೆ ಡಿಸೆಂಬರಿನಲ್ಲಿ.

ಶೀತದೇಶಗಳ ತೋಟಗಾರನಿಗೆ ಚಳಿಗಾಲದ ಭಯವೆಂದರೆ ಹಿಮದ ಭಯ. ಅಲ್ಲಿ ಕಾಂಡದೊಳಗಿನ ರಸವು ಹೆಪ್ಪುಗಟ್ಟಿ ತೊಗಟೆ ಸೀಳುವುದುಂಟು; ಆದುದರಿಂದ ಅವರು ಕಾಂಡಕ್ಕೆ ಸುಣ್ಣ ಬಳಿಯುತ್ತಾರೆ, ಹುಲ್ಲು ಸುತ್ತುತ್ತಾರೆ. ನಮಗೆ ಆ ಭಯವಿಲ್ಲ. ವಿಜಯಪುರದಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣಮಾನವು 10 ಡಿಗ್ರಿಯ ಆಸುಪಾಸಿಗೆ ಇಳಿಯುವುದೇನೋ ನಿಜ. ಬೇವಾಗಲಿ ಹುಣಸೆಯಾಗಲಿ ಅಷ್ಟಕ್ಕೆ ಅಂಜುವ ಮರಗಳಲ್ಲ. ನಮ್ಮ ಶತ್ರು ಶೀತವಲ್ಲ, ಶುಷ್ಕತೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ನಾಡಿನಲ್ಲಿ ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರಿನೊಳಗೆ ಮುಗಿಯುತ್ತದೆ. ದೀಪಾವಳಿಯ ತರುವಾಯ ಮೂಡಣ ದಿಕ್ಕಿನ ಒಣಗಾಳಿ ಬೀಸತೊಡಗಿದರೆ ಮುಂದಿನ ಮುಂಗಾರಿನ ತನಕ ಏಳು ತಿಂಗಳ ಉಪವಾಸವೆಂದೇ ತಿಳಿಯಬೇಕು.

ಇದರ ಮೇಲೆ ನಮ್ಮ ಕರಿಯ ನೆಲದ ಸ್ವಭಾವವೊಂದಿದೆ. ಡೋಣಿ ನದಿಯ ಬಯಲಿನ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬಿಳಿಜೋಳವು ಮಳೆಯಿಲ್ಲದೆ ಬೆಳೆಯುವುದು ಈ ಮಣ್ಣು ತೇವವನ್ನು ಹಿಡಿದಿಟ್ಟುಕೊಳ್ಳುವ ಗುಣದಿಂದಲೇ. ಆದರೆ ಮಾಗಿ ಮುಂದುವರಿದಂತೆ ನೆಲ ಬಿರಿಯುತ್ತದೆ. ಮೊದಲು ಬೆರಳು ತೂರುವಷ್ಟು, ಬಳಿಕ ಅಂಗೈ ಇಳಿಯುವಷ್ಟು ಬಿರುಕು. ಜೋಳಕ್ಕೆ ಇದರಿಂದ ಅಷ್ಟು ಕೇಡಿಲ್ಲ. ಅದರ ಆಯುಷ್ಯವೇ ನಾಲ್ಕು ತಿಂಗಳು. ಆ ವರ್ಷವೇ ನೆಟ್ಟ ಸಸಿಯ ಗತಿ ಬೇರೆ. ನೀರನ್ನು ಹೀರುವುದು ಕೂದಲೆಳೆಯಂಥ ಕಿರುಬೇರುಗಳ ಕೆಲಸ. ನೆಲ ಸೀಳಿದಾಗ ಅವೂ ಹರಿಯುತ್ತವೆ. ಉಳಿದವು ಬಿರುಕಿನೊಳಕ್ಕೆ ನುಗ್ಗುವ ಒಣಗಾಳಿಗೆ ಬತ್ತುತ್ತವೆ. ಮೇಲೆ ಎಲೆ ಇನ್ನೂ ಹಸುರಾಗಿಯೇ ಇರುವುದರಿಂದ ನೋಡುವವನಿಗೆ ಏನೂ ತೋರದು.

ಪರಿಹಾರ ಕಷ್ಟದ್ದಲ್ಲ. ಸಸಿಯ ಸುತ್ತಲಿನ ಪಾತಿಯನ್ನು ಹದಿನೈದು ದಿನಗಳಿಗೊಮ್ಮೆ ಮೇಲುಮೇಲಕ್ಕೆ ಕೆದಕಿ, ಬಿರುಕುಗಳನ್ನು ಪುಡಿಮಣ್ಣಿನಿಂದ ಮುಚ್ಚಬೇಕು, ಆಳವಾಗಿ ಅಗೆಯಬಾರದು. ಅದರ ಮೇಲೆ ಕಬ್ಬಿನ ರವದಿ, ಜೋಳದ ದಂಟಿನ ಚೂರು, ಉದುರಿದೆಲೆ, ಯಾವುದು ಸಿಕ್ಕಿದರೆ ಅದನ್ನು ನಾಲ್ಕು ಬೆರಳು ದಪ್ಪ ಹೊದಿಸಬೇಕು. ಕಾಂಡಕ್ಕೆ ತಗುಲದಂತೆ ಗೇಣು ದೂರ ಬಿಡುವುದು ಅವಶ್ಯ; ಇಲ್ಲದಿದ್ದರೆ ಗೆದ್ದಲಿಗೆ ನಾವೇ ದಾರಿ ತೋರಿದಂತಾಗುತ್ತದೆ. ನೀರನ್ನು ದಿನಕ್ಕೊಂದು ಚೊಂಬಿನಂತೆ ಹೊಯ್ಯುವ ದಯೆ ಗಿಡಕ್ಕೆ ಅಪಕಾರವೇ. ಬೇರು ಮೇಲೆಯೇ ಉಳಿದುಬಿಡುತ್ತದೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಎರಡು ಕೊಡ ಹೊಯ್ದರೆ ನೀರು ಆಳಕ್ಕಿಳಿಯುತ್ತದೆ, ಬೇರೂ ಅದನ್ನು ಹಿಂಬಾಲಿಸುತ್ತದೆ. ಸಸಿಯ ಮಗ್ಗುಲಲ್ಲಿ ಸುಟ್ಟ ಮಣ್ಣಿನ ಗಡಿಗೆಯೊಂದನ್ನು ಕಂಠದವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿಡುವುದು ಇನ್ನೂ ಮೇಲು.

2016ರಿಂದೀಚೆಗೆ ‘ಕೋಟಿ ವೃಕ್ಷ ಅಭಿಯಾನ’ದ ಹೆಸರಿನಲ್ಲಿ ಈ ಜಿಲ್ಲೆಯಲ್ಲಿ ನಡೆದ ಸಸಿ ನೆಡುವ ಕಾರ್ಯವನ್ನು ತಾವೆಲ್ಲರೂ ಬಲ್ಲಿರಿ. ಅರಣ್ಯವೆಂಬುದು ನೂರಕ್ಕೆ ಒಂದು ಪಾಲೂ ಇಲ್ಲದಿದ್ದ ಜಿಲ್ಲೆಗೆ ಅದು ಅಲ್ಪ ಸಾಹಸವಲ್ಲ. ಬಬಲೇಶ್ವರದ ಕಡೆಯಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗಳಿಗೆ ಬಂದಿದೆ. ಮಹಮ್ಮದ ಆದಿಲಶಾಹನ ಕಾಲದ (1627–1656) ಮಮದಾಪುರದ ದೊಡ್ಡ ಕೆರೆಗೂ ಆ ಭಾಗ್ಯ ದೊರೆತಿದೆ. ಕೆರೆ ತುಂಬಿದರೆ ಸುತ್ತಲ ಅಂತರ್ಜಲ ಏರುವುದು ದಿಟ. ಆದರೆ ಎರಡಡಿ ಬೇರಿನ ಸಸಿಗೆ ಅಂತರ್ಜಲ ಎಟುಕದು. ಕೆರೆಯಿಂದ ಸಸಿಯವರೆಗಿನ ಕೊನೆಯ ನಾಲ್ಕು ಮಾರುಗಳನ್ನು ಕೊಡ ಹೊತ್ತ ಮನುಷ್ಯನೇ ನಡೆಯಬೇಕು. ಸುಗ್ಗಿಯಾದ ಹೊಲಗಳಿಗೆ ಆಡು ಕುರಿಗಳನ್ನು ಬಿಡುವ ಕಾಲವೂ ಇದೇ ಆದುದರಿಂದ, ಮಳೆಗಾಲದಲ್ಲಿ ಕಟ್ಟಿದ ಜಾಲಿಮುಳ್ಳಿನ ಬೇಲಿ ಇನ್ನೂ ನಿಂತಿದೆಯೋ ಇಲ್ಲವೋ ಎಂದು ಅದೇ ಸಮಯದಲ್ಲಿ ನೋಡಿಬಿಡಬಹುದು.

ತಿಕೋಟೆಯ ಒಕ್ಕಲಿಗನಿಗೆ ಮಾಗಿಯ ಆರೈಕೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅಕ್ಟೋಬರಿನಲ್ಲಿ ಬಳ್ಳಿ ಸವರಿ, ಅವರ ಮಾತಿನಲ್ಲಿ ಚಾಟ್ನಿ ಮಾಡಿ, ಫೆಬ್ರುವರಿ, ಮಾರ್ಚಿಯಲ್ಲಿ ದ್ರಾಕ್ಷಿ ಇಳಿಸುವ ತನಕ ಅವನಿಗೆ ನಿದ್ರೆಯಿಲ್ಲ. ಮೋಡ ಕವಿದರೆ ಬೂದಿರೋಗದ ಚಿಂತೆ, ಚಳಿ ಹೆಚ್ಚಿದರೆ ಕಾಯಿ ದಪ್ಪವಾಗದೆಂಬ ಚಿಂತೆ. ಆ ಹಣ್ಣು ನೆರಳಿನ ಚಪ್ಪರಗಳ ಬಲೆಯ ಮೇಲೆ ಒಣಗಿ ಒಣದ್ರಾಕ್ಷಿಯಾಗಿ ಹೊರನಾಡುಗಳಿಗೆ ಹೋಗುತ್ತದೆ. ಬಳ್ಳಿಯನ್ನು ಮರವೆನ್ನಲಾಗದು, ಒಪ್ಪಿದೆ. ನಾನು ಹೇಳಹೊರಟಿರುವುದಿಷ್ಟೆ: ಬಳ್ಳಿಯ ಎಲೆಯೆಲೆಯನ್ನೂ ತಿರುವಿ ನೋಡುವ ಆ ಕಣ್ಣು ಅದೇ ಬದುವಿನ ಮೇಲಿನ ಎರಡು ವರ್ಷದ ಬೇವಿನ ಕಡೆಗೆ ವಾರಕ್ಕೊಮ್ಮೆಯಾದರೂ ಹೊರಳಿದರೆ ಸಾಕು.

ಇನ್ನು ನಗರದ ಮಾತು. ಇಲ್ಲಿ ನೀರಿಗಿಂತ ಬೆಂಕಿಯ ವಿಷಯ ಹೇಳಬೇಕಾಗಿದೆ. ಮಾಗಿಯ ಮುಂಜಾನೆ ಉದುರಿದೆಲೆಗಳನ್ನು ಗುಡಿಸಿ ಮರದ ಬುಡಕ್ಕೇ ಒಟ್ಟಿ ಹೊತ್ತಿಸುತ್ತಾರೆ. ನಾಲ್ವರು ಕುಳಿತು ಕೈ ಕಾಯಿಸಿಕೊಳ್ಳುತ್ತಾರೆ. ಮರದ ಜೀವವಿರುವುದು ತೊಗಟೆಯ ಒಳಮೈಯ ತೆಳುಪದರದಲ್ಲಿ. ಅದು ಒಂದು ಪಕ್ಕದಲ್ಲಿ ಬೆಂದರೆ ಆ ಪಕ್ಕದ ಕೊಂಬೆಗಳು ಬಡವಾಗುತ್ತವೆ. ಸುತ್ತಲೂ ಬೆಂದರೆ ಐವತ್ತು ವರ್ಷದ ಮರವೂ ಉಳಿಯದು. ಚಳಿ ಕಾಯಿಸಬೇಡಿರೆಂದು ಹೇಳುವಷ್ಟು ನಿಷ್ಠುರ ನನಗಿಲ್ಲ. ಬೆಂಕಿಯನ್ನು ಹತ್ತು ಹೆಜ್ಜೆ ಆಚೆ ಹಾಕಿದರೂ ಅಷ್ಟೇ ಬೆಚ್ಚಗಿರುತ್ತದೆ. ಸುಡುವ ಎಲೆಯನ್ನು ಬುಡಕ್ಕೆ ಹೊದಿಸಿದರೆ ಪುಕ್ಕಟೆಯ ಗೊಬ್ಬರ. ಕಾಂಡದ ತನಕ ಸಿಮೆಂಟು ಹೊಯ್ದ ಕಡೆಗಳಲ್ಲಿ ಸುತ್ತಲೂ ಎರಡು ಮೊಳದಷ್ಟನ್ನು ಒಡೆದು ತೆಗೆಯುವುದಕ್ಕೆ ಈ ದಿನಗಳೇ ಅನುಕೂಲ.

ಕಡೆಯದಾಗಿ, ಬೋಳು ಮರಗಳ ವಿಷಯ. ವಿಜಯಪುರದಲ್ಲಿ ಆಫ್ರಿಕಾ ಮೂಲದ ದೊಡ್ಡ ಹುಣಸೆಯ ಮುದಿಮರಗಳಿವೆ. ಸವಣೂರಿನಲ್ಲಿಯೂ ಪ್ರಸಿದ್ಧವಾದುವಿವೆ. ಚಳಿಗಾಲದಲ್ಲಿ ಅವು ಎಲೆಯೆಲ್ಲ ಕಳಚಿ, ಆನೆಯಂಥ ಕಾಂಡದಲ್ಲಿ ನೀರನ್ನು ತುಂಬಿಕೊಂಡು ಸುಮ್ಮನೆ ನಿಂತಿರುತ್ತವೆ. ಎಲೆಯಿಲ್ಲದ ಮರವೆಲ್ಲ ಸತ್ತುದಲ್ಲ. ತಮ್ಮ ಅಂಗಳದ ಗಿಡ ಬರಿದಾಗಿದ್ದರೆ ಕೊಡಲಿಗೆ ಮುನ್ನ ಕಿರುಕೊಂಬೆಯೊಂದನ್ನು ಉಗುರಿನಿಂದ ಕೆರೆದು ನೋಡಿರಿ. ಒಳಗೆ ಹಸುರು ಕಂಡರೆ ಎರಡು ಕೊಡ ನೀರು ಹೊಯ್ದು, ಯುಗಾದಿಯವರೆಗೆ ಕಾಯಿರಿ.